ನೋವಿಗೆ ಮೊದಲೇ ಪರೀಕ್ಷೆ



ಬಿತ್ತನೆ, ಬೆಳೆ, ಸಾಲ, ಮಕ್ಕಳ ವಿದ್ಯೆ, ಮದುವೆ ಇವೆಲ್ಲವನ್ನೂ ಗಂಡಹೆಂಡಿರು ಕುಳಿತು ಆಲೋಚಿಸುತ್ತೀರಿ. ಆದರೆ ಗೃಹಿಣಿಯ ಶರೀರದ ಒಂದು ಭಾಗದ ಕುರಿತು ಮಾತ್ರ ಮನೆಯಲ್ಲಿ ಮಾತಿಲ್ಲ. ಅದೇ ಗರ್ಭಕೋಶದ ಕೊರಳು. ಅಲ್ಲಿ ಹುಟ್ಟುವ ಕ್ಯಾನ್ಸರ್ ರೋಗಕ್ಕೆ ಈ ಮೌನವೇ ಆಶ್ರಯ. ಆ ರೋಗವನ್ನು ಆರಂಭದಲ್ಲಿಯೇ ಕಂಡುಹಿಡಿಯುವ ದಾರಿಯನ್ನು ತೋರಿಸಿದ ಒಬ್ಬ ವಿಜ್ಞಾನಿಯ ಹಾಗೂ ಅವರ ಪತ್ನಿಯ ವಿಷಯವನ್ನು ತಮ್ಮ ಮುಂದೆ ಇಡಬಯಸುತ್ತೇನೆ.

ಜಾರ್ಜ್ ಪ್ಯಾಪನಿಕೊಲಾವ್ ಅವರು 1883ರಲ್ಲಿ ಗ್ರೀಸ್ ದೇಶದ ಕೀಮಿ ಎಂಬ ಊರಿನಲ್ಲಿ ಜನಿಸಿದರು. ವೈದ್ಯವಿದ್ಯೆಯನ್ನು ಕಲಿತು, 1913ರಲ್ಲಿ ಪತ್ನಿ ಆಂಡ್ರೊಮಾಕಿಯವರೊಡನೆ ಅಮೆರಿಕದ ನ್ಯೂಯಾರ್ಕ್ ನಗರವನ್ನು ಸೇರಿದರು. ಕೈಯಲ್ಲಿ ಹಣವಿರಲಿಲ್ಲ. ಪತ್ನಿ ಅಂಗಡಿಯೊಂದರಲ್ಲಿ ಗುಂಡಿ ಹೊಲಿದರು. ಪತಿ ರತ್ನಗಂಬಳಿ ಮಾರಿದರು. ಮುಂದೆ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ಸಂಶೋಧನೆಯ ಅವಕಾಶ ದೊರೆಯಿತು. ಅಲ್ಲಿ ಅವರು ಗಿನಿ ಇಲಿಗಳ ಯೋನಿಯ ಲೋಳೆಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಿಂದ ನೋಡುತ್ತಿದ್ದರು. ಅದರಲ್ಲಿನ ಜೀವಕೋಶಗಳು ಋತುಚಕ್ರಕ್ಕೆ ಅನುಗುಣವಾಗಿ ಬದಲಾಗುವುದು ಕಂಡುಬಂದಿತು. ಸ್ತ್ರೀಯರಲ್ಲಿಯೂ ಹೀಗೆಯೇ ಆಗುವುದೇ ಎಂಬುದನ್ನು ತಿಳಿಯಲು ಅವರ ಪತ್ನಿಯೇ ಪರೀಕ್ಷೆಗೆ ಒಪ್ಪಿದರು. ಅನೇಕ ವರ್ಷ ಆಕೆ ಪರೀಕ್ಷೆಗೂ ಒಳಗಾದರು, ಪ್ರಯೋಗಾಲಯದಲ್ಲಿ ಸಹಾಯಕಿಯಾಗಿಯೂ ದುಡಿದರು.

ಕ್ಯಾನ್ಸರ್ ಇದ್ದ ಸ್ತ್ರೀಯರ ಲೋಳೆಯಲ್ಲಿ ವಿಕಾರಗೊಂಡ ಜೀವಕೋಶಗಳು ಕಾಣುವುದನ್ನು ಪ್ಯಾಪನಿಕೊಲಾವ್ ಅವರು 1928ರಲ್ಲಿ ಪ್ರಕಟಪಡಿಸಿದರು. ವೈದ್ಯಲೋಕ ಅದಕ್ಕೆ ಬೆಲೆ ಕೊಡಲಿಲ್ಲ. ಅವರು ಎದೆಗುಂದಲಿಲ್ಲ. 1943ರಲ್ಲಿ ಹರ್ಬರ್ಟ್ ಟ್ರೌಟ್ ಎಂಬ ವೈದ್ಯರೊಡಗೂಡಿ ಈ ಕುರಿತು ಗ್ರಂಥವನ್ನು ಹೊರತಂದ ಮೇಲೆ ಅವರ ಮಾತಿಗೆ ಮನ್ನಣೆ ದೊರೆಯಿತು. 'ಪ್ಯಾಪ್ ಪರೀಕ್ಷೆ' ಎಂದು ಹೆಸರಾದುದು ಇದೇ. ಇದನ್ನು ಕ್ರಮವಾಗಿ ನಡೆಸಿದ ದೇಶಗಳಲ್ಲಿ ಈ ರೋಗದಿಂದಾಗುವ ಮರಣಗಳು ಬಹಳವಾಗಿ ಇಳಿದಿವೆ.

ಪರೀಕ್ಷೆಯಿಂದ ಇಷ್ಟು ಪ್ರಯೋಜನ ಹೇಗೆ? ಈ ಕ್ಯಾನ್ಸರ್ ಒಂದು ದಿನದಲ್ಲಿ ಬರುವುದಲ್ಲ. ಇದಕ್ಕೆ ಕಾರಣ ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ಎಂಬ ವೈರಾಣು. ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ ಇದನ್ನು ತೋರಿಸಿಕೊಟ್ಟುದಕ್ಕಾಗಿ 2008ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು. ಈ ಸೋಂಕು ಬಹು ಸಾಮಾನ್ಯವಾದುದು. ಹೆಚ್ಚಿನವರಲ್ಲಿ ತಾನಾಗಿಯೇ ಮಾಯವಾಗುತ್ತದೆ. ಆದುದರಿಂದ ಯಾರ ನಡತೆಯನ್ನೂ ಶಂಕಿಸಲು ಇದು ಆಧಾರವಲ್ಲ. ಕೆಲವರಲ್ಲಿ ಸೋಂಕು ಉಳಿದು, ಸಾಮಾನ್ಯವಾಗಿ 15ರಿಂದ 20 ವರ್ಷಗಳಲ್ಲಿ ಕ್ಯಾನ್ಸರಾಗಿ ಪರಿಣಮಿಸುತ್ತದೆ. ಈ ದೀರ್ಘ ಅವಧಿಯಲ್ಲಿ ನೋವಿಲ್ಲ, ಜ್ವರವಿಲ್ಲ. ಆದರೆ ಚಿಕಿತ್ಸೆ ಸುಲಭವಾಗಿರುವುದು ಆಗಲೇ. ನೋವಿಗಾಗಿ ಕಾಯುವುದೆಂದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಸೂಕ್ಷ್ಮದರ್ಶಕವಿಲ್ಲದ ಹಳ್ಳಿಯಲ್ಲಿಯೂ ಪರೀಕ್ಷೆ ಸಾಧ್ಯ. ತಿಳಿಯಾದ ಅಸಿಟಿಕ್ ಆಮ್ಲವನ್ನು ಗರ್ಭಕೋಶದ ಕೊರಳಿಗೆ ಲೇಪಿಸಿದರೆ ವಿಕಾರಗೊಂಡ ಭಾಗ ಬೆಳ್ಳಗಾಗುತ್ತದೆ. ಇದು ಕೆಲವೇ ನಿಮಿಷಗಳ ಕೆಲಸ. ನೆರೆಯ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ಡಾ. ಆರ್. ಶಂಕರನಾರಾಯಣನ್ ಅವರ ನೇತೃತ್ವದಲ್ಲಿ, ತರಬೇತಿ ಪಡೆದ ದಾದಿಯರು ಈ ಪರೀಕ್ಷೆಯನ್ನು ನಡೆಸಿದರು. ಪರೀಕ್ಷೆ ನಡೆದ ಪ್ರದೇಶದಲ್ಲಿ ಈ ಕ್ಯಾನ್ಸರ್‌ನಿಂದಾದ ಮರಣ ಶೇಕಡ 35ರಷ್ಟು ಕಡಿಮೆಯಾಯಿತೆಂದು 2007ರಲ್ಲಿ ಪ್ರಕಟವಾಯಿತು.

ಸೋದರಿಯರೆ, ತಮಗೆ 30 ವರ್ಷ ತುಂಬಿದ್ದರೆ, ಯಾವ ತೊಂದರೆಯಿಲ್ಲದಿದ್ದರೂ ಐದು ವರ್ಷಗಳಿಗೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿರಿ. ಎಲ್ಲಿ, ಎಂದು ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿರಿ. ಸಂತಾನಹರಣ ಚಿಕಿತ್ಸೆಯಾದವರಿಗೂ ಇದು ಅವಶ್ಯಕ. ಆ ಚಿಕಿತ್ಸೆಯಲ್ಲಿ ಗರ್ಭಕೋಶವನ್ನು ತೆಗೆಯುವುದಿಲ್ಲ. ಸಂಭೋಗದ ನಂತರ, ಮುಟ್ಟಿನ ನಡುವೆ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ದುರ್ವಾಸನೆಯ ಬಿಳುಪು ಹೋಗುತ್ತಿದ್ದರೆ ಮುಚ್ಚಿಡದೆ ಕೂಡಲೇ ವೈದ್ಯರನ್ನು ಕಾಣಿರಿ. ಪರೀಕ್ಷೆಯಲ್ಲಿ ದೋಷ ಕಂಡರೆ ಕ್ಯಾನ್ಸರ್ ಬಂದಿತೆಂದೇ ಅರ್ಥವಲ್ಲ. ಆ ಭಾಗಕ್ಕೆ ಮಾತ್ರ ಚಿಕಿತ್ಸೆ ಮಾಡಿ ರೋಗವನ್ನು ತಡೆಯಬಹುದು. 9ರಿಂದ 14 ವಯಸ್ಸಿನ ಹೆಣ್ಣುಮಕ್ಕಳಿಗೆ ಈ ವೈರಾಣುವಿನ ವಿರುದ್ಧ ಲಸಿಕೆಯೂ ಇದೆ.

ಸೋದರರೆ, ಹೆಂಡತಿ ಸಂಕೋಚದಿಂದ ಸುಮ್ಮನಿರುವುದನ್ನು ಆರೋಗ್ಯವೆಂದು ತಿಳಿಯಬೇಡಿರಿ. ನೀವಾಗಿಯೇ ಮಾತೆತ್ತಿರಿ. ಆಕೆ ಪರೀಕ್ಷೆಗೆ ಹೊರಟ ದಿನ ಹೊಲದ ಕೆಲಸವನ್ನು ನಿಲ್ಲಿಸಿ ಜೊತೆಯಲ್ಲಿ ನಡೆಯಿರಿ. ಅರ್ಧ ದಿನದ ಕೂಲಿ ಮತ್ತೆ ದೊರೆತೀತು. ಮಕ್ಕಳಿಗೆ ತಾಯಿ ಮತ್ತೆ ದೊರೆಯಳು.