ಅಂಕಿಯ ಚಿತ್ರ ಓದಲು ಕಲಿಯೋಣ

(ಆಳಂದ ತಾಲೂಕಿನ ಕಿಣ್ಣಿ ಸುಲ್ತಾನ ಗ್ರಾಮದಲ್ಲಿ ರೈತ-ಕೂಲಿಕಾರರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಇಂದು ನನಗೆ ಕೊಟ್ಟಿರುವ ವಿಷಯ ಅಂತರ್ಜಾಲ ಮತ್ತು ಅಂಕಿ-ಸಂಖ್ಯೆಗಳ ಚಿತ್ರ. ವಿಷಯದ ಹೆಸರು ಕೇಳಿದೊಡನೆ ಕೆಲವರಿಗೆ ಎದ್ದು ಹೋಗುವ ಮನಸ್ಸಾಗಿರಬಹುದು. ತೊಗರಿಯ ಬೆಲೆ, ಕೂಲಿಯ ದರ, ಕುಡಿಯುವ ನೀರು ಇಂಥ ಮಾತು ಬಿಟ್ಟು ಈ ಮಾಸ್ತರ ಚಿತ್ರದ ಮಾತು ತೆಗೆದನಲ್ಲ, ಚಿತ್ರ ನೋಡಿದರ ಹೊಟ್ಟಿ ತುಂಬ್ತದೇನ್ರಿ, ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೆ. ನನ್ನ ಉತ್ತರ ಇಷ್ಟು: ನಿಮ್ಮ ಹೊಲದ ಒಡೆತನ, ನಿಮ್ಮ ಬೆಳೆಯ ವಿಮೆ, ಮತದಾರರ ಪಟ್ಟಿಯಲ್ಲಿಯ ನಿಮ್ಮ ಹೆಸರು, ಈ ಮೂರೂ ಇಂದು ಅಕ್ಷರ-ಅಂಕಿಗಳಾಗಿ ಎಲ್ಲಿಯೋ ದೂರದ ಯಂತ್ರದಲ್ಲಿ ಕುಳಿತಿವೆ. ಅವನ್ನು ಓದಬಲ್ಲವನು ಹಕ್ಕು ಕೇಳುತ್ತಾನೆ. ಓದಲಾರದವನು ದಯೆ ಬೇಡುತ್ತಾನೆ.

ಪಟವಾರಿಯ ದಫ್ತರದಿಂದ ಕಿಸೆಯ ಫೋನಿಗೆ

ನಮ್ಮ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ ಹೊಲದ ಲೆಕ್ಕವೆಲ್ಲ ಪಟವಾರಿಯ ದಫ್ತರದಲ್ಲಿರುತ್ತಿತ್ತು. ಒಕ್ಕಲಿಗ ಉಳುತ್ತಿದ್ದ, ಪಟವಾರಿ ಬರೆಯುತ್ತಿದ್ದ. ಏನು ಬರೆದನೆಂಬುದು ಉಳುವವನಿಗೆ ತಿಳಿಯುತ್ತಿರಲಿಲ್ಲ. 1948ರಲ್ಲಿ ನಿಜಾಮಶಾಹಿ ಹೋಯಿತು, 1956ರಲ್ಲಿ ಕನ್ನಡ ನಾಡು ಒಂದಾಯಿತು, ವಂಶಪಾರಂಪರ್ಯದ ಗ್ರಾಮಾಧಿಕಾರವೂ ರದ್ದಾಯಿತು. ಆದರೂ ಕೈಬರಹದ ಪಹಣಿ ಮಾತ್ರ ಈ ಶತಮಾನದ ಹೊಸ್ತಿಲಿನವರೆಗೆ ಉಳಿಯಿತು. ಆಮೇಲೆ ಕರ್ನಾಟಕ ಸರಕಾರವು ‘ಭೂಮಿ’ ಯೋಜನೆಯಿಂದ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಈಗ ಅದನ್ನು ಫೋನಿನಲ್ಲಿಯೇ ನೋಡಬಹುದು. ‘ದಿಶಾಂಕ್’ ಎಂಬ ಇನ್ನೊಂದು ಸರಕಾರಿ ಆ್ಯಪ್ ಇದೆ. ಹೊಲದಲ್ಲಿ ನಿಂತು ಅದನ್ನು ತೆರೆದರೆ ನಾವು ನಿಂತ ನೆಲ ಯಾವ ಸರ್ವೆ ನಂಬರಿನದೆಂದು ನಕ್ಷೆಯ ಮೇಲೆ ತೋರಿಸುತ್ತದೆ.

ಇದು ದೊಡ್ಡ ಬದಲಾವಣೆಯೆಂಬುದನ್ನು ಒಪ್ಪಲೇಬೇಕು. ಆದರೆ ಒಂದು ಮಾತು ಕೇಳುತ್ತೇನೆ. ಪಹಣಿಯ 9ನೆಯ ಕಾಲಮಿನಲ್ಲಿ ಯಾರ ಹೆಸರಿರುತ್ತದೆ? 11ನೆಯದರಲ್ಲಿ ಏನಿರುತ್ತದೆ? 12ನೆಯದರಲ್ಲಿ ಏನು? 9 ಎಂದರೆ ಖಾತೆದಾರ. 11 ಎಂದರೆ ಹೊಲದ ಮೇಲಿನ ಸಾಲ ಮತ್ತು ಋಣಭಾರ. 12 ಎಂದರೆ ಉಳುವವನ ಹೆಸರು ಮತ್ತು ಬೆಳೆ. ಇಷ್ಟು ತಿಳಿಯದವನಿಗೆ ಪಹಣಿ ಕಿಸೆಯಲ್ಲಿದ್ದರೂ ಒಂದೇ, ಪಟವಾರಿಯ ದಫ್ತರದಲ್ಲಿದ್ದರೂ ಒಂದೇ. ಮೇಲಾಗಿ ನಮಗೆ ತೆರೆದ ಬಾಗಿಲು ನೆಲ ಕೊಳ್ಳಲು ನಗರದಿಂದ ಬರುವ ಸಾಹುಕಾರನಿಗೂ ತೆರೆದಿರುತ್ತದೆ. ಅವನಿಗೆ ಓದಲು ಬರುತ್ತದೆ, ಅವನ ಕೈಕೆಳಗೆ ಓದಿ ಹೇಳುವವರೂ ಇದ್ದಾರೆ. ಬಾಗಿಲು ತೆರೆದ ಮಾತ್ರಕ್ಕೆ ಸಮಾನತೆ ಬಂತೆಂದು ತಿಳಿಯಬಾರದು.

ಇದು ಸಾರ್ವಜನಿಕರ ಸ್ವತ್ತು

ಅಂತರ್ಜಾಲವೆಂದರೆ ಶ್ರೀಮಂತ ಕಂಪನಿಗಳ ಅಂಗಡಿ ಎಂದು ನಮ್ಮ ತರುಣರು ತಿಳಿದಿದ್ದಾರೆ. ಇಂದು ಅದು ಬಹುಮಟ್ಟಿಗೆ ಹಾಗೆಯೇ ಕಾಣುತ್ತದೆ. ಆದರೆ ನಾವು ಫೋನಿನಲ್ಲಿ ತೆರೆಯುವ ಈ ಪುಟಗಳ ಜಾಲ ಹುಟ್ಟಿದ್ದು ಅಂಗಡಿಯಲ್ಲಿ ಅಲ್ಲ. ಜಿನೀವಾದಲ್ಲಿ ‘ಸರ್ನ್’ ಎಂಬ ವಿಜ್ಞಾನ ಸಂಸ್ಥೆಯಿದೆ. ಯುರೋಪಿನ ಹಲವು ಸರಕಾರಗಳು ಕೂಡಿ ಜನರ ತೆರಿಗೆ ಹಣದಿಂದ ಅದನ್ನು ನಡೆಸುತ್ತವೆ. ಅಲ್ಲಿ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ಇದರ ಯೋಜನೆ ಬರೆದು ಕೊಟ್ಟರು. 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಇದನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ನಮ್ಮ ದೇಶದ ಜನಸಾಮಾನ್ಯರಿಗೂ ಅಂತರ್ಜಾಲ ಮೊದಲು ತೆರೆದದ್ದು 1995ರ ಆಗಸ್ಟ್ 15ರಂದು, ಆಗ ಸರಕಾರದ ಒಡೆತನದಲ್ಲಿದ್ದ ವಿದೇಶ ಸಂಚಾರ ನಿಗಮದ ಮೂಲಕ. ಊರ ಕೆರೆಯ ನೀರು ಯಾರದು ಎಂದು ಕೇಳುವ ಹಾಗೆಯೇ ಈ ಜಾಲ ಯಾರದು ಎಂದು ಕೇಳುವ ಅಧಿಕಾರ ನಮಗಿದೆ.

ಚಿತ್ರ ಬಡವರ ಪರ ನಿಂತ ಕಥೆ

ಈಗ ಅಂಕಿಯ ಚಿತ್ರಕ್ಕೆ ಬರೋಣ. ಫೋನು ತೆರೆದರೆ ಕೆಂಪು-ಹಸಿರು ಬಣ್ಣದ ನಕ್ಷೆಗಳು, ಏರುವ ಗೆರೆಗಳು, ಎತ್ತರ-ಗಿಡ್ಡ ಕಂಬಗಳು ಕಾಣುತ್ತವೆ. ಇವು ಕಂಪ್ಯೂಟರು ಬಂದಮೇಲೆ ಹುಟ್ಟಿದವಲ್ಲ. ಇವುಗಳ ಇತಿಹಾಸದಲ್ಲಿ ನಾವು ಹೆಮ್ಮೆಪಡಬೇಕಾದ ಪುಟಗಳಿವೆ.

1854ರಲ್ಲಿ ಲಂಡನ್ನಿನ ಸೋಹೋ ಕೇರಿಯಲ್ಲಿ ಕಾಲರಾ ಬಂದು ಜನ ಸತ್ತರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆಂದು ದೊಡ್ಡವರು ಹೇಳುತ್ತಿದ್ದ ಕಾಲವದು. ಜಾನ್ ಸ್ನೋ ಎಂಬ ವೈದ್ಯನು ಯಾವ ಮನೆಯಲ್ಲಿ ಎಷ್ಟು ಸಾವು ಎಂದು ವಿಚಾರಿಸಿದ. ಸಾವುಗಳು ಬ್ರಾಡ್ ಬೀದಿಯ ಒಂದು ನೀರಿನ ಪಂಪಿನ ಸುತ್ತ ಗುಂಪುಗೂಡಿದ್ದವು. ಅವನ ಮಾತಿನ ಮೇಲೆ ಪಂಪಿನ ಹಿಡಿ ತೆಗೆಸಿದರು. ಸಾವಿನ ಗುರುತು ಹಾಕಿದ ಅವನ ನಕ್ಷೆ ಇಂದಿಗೂ ಪಾಠವಾಗಿ ಉಳಿದಿದೆ. 1858ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಎಂಬ ತಾಯಿ ಕ್ರಿಮಿಯಾ ಯುದ್ಧದ ಲೆಕ್ಕವನ್ನು ಬಣ್ಣದ ಚಿತ್ರವಾಗಿ ಬರೆದು, ಸಿಪಾಯಿಗಳು ಗುಂಡಿಗಿಂತ ಹೆಚ್ಚಾಗಿ ಹೊಲಸಿನಿಂದ ಬಂದ ರೋಗಗಳಿಗೆ ಸತ್ತರೆಂದು ಸರಕಾರದ ಕಣ್ಣಿಗೆ ಕಟ್ಟುವಂತೆ ಮಾಡಿದಳು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅಮೆರಿಕದ ಡು ಬೋಯ್ಸ್ ಅವರು ತಮ್ಮ ಕರಿಯ ಬಂಧುಗಳ ನೆಲ, ಆಸ್ತಿ, ಅಕ್ಷರಜ್ಞಾನಗಳ ಲೆಕ್ಕವನ್ನು ಚಿತ್ರಪಟಗಳಲ್ಲಿ ತೂಗುಹಾಕಿದರು. ಈ ಜನ ಏನನ್ನೂ ಸಾಧಿಸಲಾರರು ಎಂದು ಹೇಳುತ್ತಿದ್ದವರಿಗೆ ಅದೇ ಉತ್ತರವಾಯಿತು.

ನಮಗೆ ಎಲ್ಲರಿಗಿಂತ ಹತ್ತಿರದವನು ವಿಯೆನ್ನಾದ ಆಟೋ ನೊಯ್ರಾತ್. ಸಮಾಜವಾದಿಗಳ ಕೈಯಲ್ಲಿದ್ದ ಆ ನಗರಸಭೆಯ ನೆರವಿನಿಂದ ಅವನು 1925ರಲ್ಲಿ ಒಂದು ವಸ್ತುಸಂಗ್ರಹಾಲಯ ಕಟ್ಟಿದ. ಅಲ್ಲಿ ರಾಜರ ಕಿರೀಟಗಳಿರಲಿಲ್ಲ. ಮನೆ, ಕೂಲಿ, ರೋಗ, ಹುಟ್ಟು-ಸಾವುಗಳ ಲೆಕ್ಕವನ್ನು ಗಿರಣಿಯ ಕೂಲಿಕಾರನಿಗೂ ತಿಳಿಯುವ ಹಾಗೆ ಸಣ್ಣ ಸಣ್ಣ ಗುರುತುಗಳಲ್ಲಿ ಬರೆದು ಇಟ್ಟಿದ್ದರು. ಗುರುತುಗಳನ್ನು ಕೊರೆಯುತ್ತಿದ್ದವನು ಗೆರ್ಡ್ ಆರ್ನ್ಟ್ಸ್ ಎಂಬ ಕಲಾವಿದ. ಯಾವ ಅಂಕಿಯನ್ನು ಹೇಗೆ ತೋರಿಸಬೇಕೆಂದು ನಿರ್ಧರಿಸುವ ಕೆಲಸದಲ್ಲಿ ಮರೀ ರೈಡಮೈಸ್ಟರ್ ಎಂಬ ಹೆಣ್ಣುಮಗಳಿದ್ದಳು. 1934ರಲ್ಲಿ ಸರ್ವಾಧಿಕಾರಿಗಳು ಸಮಾಜವಾದಿಗಳನ್ನು ತುಳಿದಾಗ ಈ ಕೆಲಸಕ್ಕೂ ಬೀಗ ಬಿತ್ತು, ನೊಯ್ರಾತ್ ದೇಶ ಬಿಡಬೇಕಾಯಿತು. ವಿಚಾರ ಮಾಡಿರಿ, ಬರಿಯ ಅಂಕಿಯ ಚಿತ್ರಗಳಿಗೆ ಹೆದರುವ ಸರಕಾರವೂ ಇರುತ್ತದೆ!

ಚಿತ್ರ ಸುಳ್ಳು ಹೇಳುವ ಬಗೆ

ಹಿತ ಮಾಡಿದ ಚಿತ್ರವೇ ಮೋಸವನ್ನೂ ಮಾಡಬಲ್ಲದು. ಶಾಲೆಯ ಕರಿ ಹಲಗೆಯ ಮೇಲೆ ತೋರಿಸುತ್ತಿದ್ದ ರೀತಿಯಲ್ಲಿಯೇ ಹೇಳುತ್ತೇನೆ.

ಒಂದು ಶಾಲೆಯ ಹಾಜರಿ ಹೋದ ವರ್ಷ ನೂರಕ್ಕೆ 92, ಈ ವರ್ಷ 96 ಎಂದು ತಿಳಿಯಿರಿ. ಸೊನ್ನೆಯಿಂದ ಕಂಬ ಎಬ್ಬಿಸಿದರೆ ಎರಡೂ ಹೆಚ್ಚುಕಡಿಮೆ ಸಮ ಕಾಣುತ್ತವೆ. ಆದರೆ 90ರಿಂದ ಮೇಲಿನ ಭಾಗವನ್ನಷ್ಟೆ ಬರೆದರೆ ಒಂದು ಕಂಬ ಎರಡು ಗೇಣು, ಇನ್ನೊಂದು ಆರು ಗೇಣು! ಹಾಜರಿ ಮೂರು ಪಟ್ಟಾಯಿತೆಂದು ನೋಡುವವನು ನಂಬುತ್ತಾನೆ. ಅಂಕಿ ಸುಳ್ಳಲ್ಲ, ಚಿತ್ರ ಸುಳ್ಳು. ಆದುದರಿಂದ ಕಂಬ ಕಂಡಾಗ ಮೊದಲು ಅದರ ಬುಡ ನೋಡಿರಿ.

ಎರಡನೆಯದು ಚೀಲದ ಲೆಕ್ಕ. ಬೆಳೆ ಎರಡು ಪಟ್ಟಾಯಿತೆಂದು ತೋರಿಸಲು ಒಬ್ಬನು ತೊಗರಿ ಚೀಲದ ಚಿತ್ರವನ್ನು ಎತ್ತರದಲ್ಲಿ ಎರಡು ಪಟ್ಟು, ಅಗಲದಲ್ಲಿಯೂ ಎರಡು ಪಟ್ಟು ಬರೆಯುತ್ತಾನೆ. ಕಣ್ಣಿಗೆ ಅದು ನಾಲ್ಕು ಪಟ್ಟು ಕಾಣುತ್ತದೆ. ಇದಕ್ಕೆ ನೊಯ್ರಾತನ ನಿಯಮ ಸುಲಭ: ಹೆಚ್ಚು ತೋರಿಸಬೇಕಾದರೆ ಚೀಲವನ್ನು ದೊಡ್ಡದು ಮಾಡಬೇಡ, ಅಷ್ಟೇ ಗಾತ್ರದ ಇನ್ನೊಂದು ಚೀಲ ಬರೆ. ಆಗ ಅಕ್ಷರ ಬಾರದ ಅಜ್ಜಿಯೂ ಎಣಿಸಿ ನೋಡಬಹುದು.

ಮೂರನೆಯ ಮೋಸ ಸರಾಸರಿಯದು. ಇದು ನಮ್ಮ ಹೊಟ್ಟೆಗೆ ನೇರವಾಗಿ ಮುಟ್ಟುವ ಮಾತು. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಒಂದು ಘಟಕ. ಆರಿಸಿದ ಕೆಲವು ಹೊಲಗಳಲ್ಲಿ ಬೆಳೆ ಕೊಯ್ದು ತೂಗಿ ಸರಾಸರಿ ಇಳುವರಿ ತೆಗೆಯುತ್ತಾರೆ. ಅದು ಗೊತ್ತುಪಡಿಸಿದ ಇಳುವರಿಗಿಂತ ಕಡಿಮೆಯಾದರೆ ಆ ಘಟಕಕ್ಕೆ ಪರಿಹಾರ. ಮಾತಿಗೆ ಹೇಳುತ್ತೇನೆ: ಬಾವಿ ನೀರಿನ ಹೊಲ ಎಕರೆಗೆ 6 ಕ್ವಿಂಟಲ್ ಕೊಟ್ಟಿತು, ಮಳೆ ನಂಬಿದ ಹೊಲ 2 ಕ್ವಿಂಟಲ್ ಕೊಟ್ಟಿತು. ಸರಾಸರಿ 4. ಗೊತ್ತುಪಡಿಸಿದ್ದೂ 4 ಆಗಿದ್ದರೆ ಕಾಗದದ ಮೇಲೆ ಯಾರಿಗೂ ನಷ್ಟವಿಲ್ಲ! ನಕ್ಷೆಯಲ್ಲಿ ಇಡೀ ಪಂಚಾಯಿತಿಗೆ ಹಸಿರು ಬಣ್ಣ. ಒಣಬೇಸಾಯದವನ ಮನೆಯಲ್ಲಿ ಮಾತ್ರ ಸಾಲ. ಯಾವ ಹೊಲಗಳನ್ನು ಆರಿಸಿದರು, ತೂಗುವಾಗ ಊರವರು ಯಾರಿದ್ದರು ಎಂದು ಕೇಳಬೇಕಾದ್ದು ಇದಕ್ಕಾಗಿಯೇ.

ಲೆಕ್ಕ ನಮ್ಮ ಹೆಸರು ಹೇಳಿದಾಗ

ಸರಾಸರಿಯನ್ನು ಒಡೆದು ನೋಡಿದರೆ ಏನಾಗುತ್ತದೆಂಬುದಕ್ಕೆ ನಮ್ಮಲ್ಲಿಯೇ ಉದಾಹರಣೆಯಿದೆ. ಪ್ರಾದೇಶಿಕ ಅಸಮಾನತೆಯ ವಿಚಾರಕ್ಕಾಗಿ ನೇಮಿಸಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ವರದಿ ಕೊಟ್ಟಿತು. ಅದು ಕರ್ನಾಟಕವನ್ನು ಒಂದೇ ಅಂಕಿಯಲ್ಲಿ ಹೇಳಲಿಲ್ಲ. 35 ಅಳತೆಗೋಲುಗಳನ್ನಿಟ್ಟು, ರಾಜ್ಯದ ಸರಾಸರಿಯನ್ನು 1 ಎಂದು ಹಿಡಿದು, ಅಂದಿನ 175 ತಾಲೂಕುಗಳನ್ನು ಒಂದೊಂದಾಗಿ ತೂಗಿತು. 114 ತಾಲೂಕುಗಳು ಹಿಂದುಳಿದವೆಂದು ಕಂಡವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ನಮ್ಮ ಗುಲಬರ್ಗಾ ವಿಭಾಗದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು.

ಈ ಭಾಗ ಹಿಂದುಳಿದಿದೆಯೆಂದು ನಾವು ಮೊದಲಿನಿಂದಲೂ ಹೇಳುತ್ತಿದ್ದೆವು. ಅದನ್ನು ಗೋಳು ಎಂದು ತಳ್ಳಿಹಾಕುತ್ತಿದ್ದರು. ತಾಲೂಕಿನ ಹೆಸರು ಹಿಡಿದು ಅಂಕಿ ಬಂದಮೇಲೆ ಅದು ದಾಖಲೆಯಾಯಿತು. 371ನೆಯ ಕಲಮಿಗೆ ‘ಜೆ’ ಸೇರಿಸಲು ಹೋರಾಡಿದವರ ಕೈಯಲ್ಲಿ ಈ ಅಂಕಿಗಳೂ ಇದ್ದವು. ಆದರೆ ಇಲ್ಲಿಗೇ ತೃಪ್ತರಾಗಬಾರದು. ತಾಲೂಕು ಕೂಡ ಒಂದು ಸರಾಸರಿಯೆ. ಆಳಂದ ಪಟ್ಟಣವೂ ಕಿಣ್ಣಿ ಸುಲ್ತಾನವೂ ಅದರಲ್ಲಿ ಒಂದೇ ಅಂಕಿಯಾಗುತ್ತವೆ. ಊರಿನೊಳಗಿನ ಕೇರಿ-ಕೇರಿಯ ಅಂತರವನ್ನು ಊರವರಲ್ಲದೆ ಯಾರು ಬರೆಯಬೇಕು?

ಅಂಕಿಯ ಹಿಂದಿನ ಹೆಸರುಗಳು

ನಮ್ಮ ಆಳಂದ ಮತಕ್ಷೇತ್ರದ ಸಂಗತಿ ದೇಶಕ್ಕೆಲ್ಲ ಗೊತ್ತಾಗಿದೆ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಇಲ್ಲಿಯ ಮತದಾರರ ಪಟ್ಟಿಯಿಂದ ಹೆಸರು ತೆಗೆಯಲು 6,018 ಅರ್ಜಿಗಳು ಅಂತರ್ಜಾಲದ ಮೂಲಕ ಬಂದವು. ಅನುಮಾನ ಬಂದು ಊರೂರಲ್ಲಿ ಪರಿಶೀಲಿಸಿದಾಗ ಸರಿಯಾದವು ಕೇವಲ 24. ಉಳಿದ 5,994 ತಿರಸ್ಕೃತವಾದವು. 2023ರ ಫೆಬ್ರುವರಿಯಲ್ಲಿ ಪೊಲೀಸರಲ್ಲಿ ದೂರು ದಾಖಲಾಯಿತು. ಅಪರಾಧ ಯಾರದೆಂಬುದನ್ನು ನ್ಯಾಯಾಲಯ ಹೇಳಬೇಕು, ಆ ಮಾತು ನನಗೆ ಬೇಡ. ನಮಗೆ ಬೇಕಾದ ಪಾಠ ಬೇರೆ ಇದೆ.

ಯಂತ್ರದ ಮುಂದೆ 6,018 ಎಂಬುದು ಒಂದು ಅಂಕಿ ಮಾತ್ರ. ಅದು ನಿಜವೋ ಸುಳ್ಳೋ ಯಂತ್ರಕ್ಕೆ ತಿಳಿಯದು. ಇವರು ಇದೇ ಊರಲ್ಲಿದ್ದಾರೆ, ಎಲ್ಲಿಯೂ ಹೋಗಿಲ್ಲ ಎಂದು ಹೇಳಬಲ್ಲವರು ಊರಿನವರು. ಬೂತಿನ ಕೆಲಸದವರು ಬಾಗಿಲು ತಟ್ಟಿ ಹೆಸರು ಹಿಡಿದು ಕೇಳಿದಾಗಲೇ ಸತ್ಯ ಹೊರಬಿತ್ತು. ಅಂತರ್ಜಾಲ ಎಷ್ಟೇ ಬೆಳೆಯಲಿ, ಪಟ್ಟಿಯನ್ನು ಚಾವಡಿಯಲ್ಲಿ ಗಟ್ಟಿಯಾಗಿ ಓದುವ ಕೆಲಸಕ್ಕೆ ಬದಲಿಯಿಲ್ಲ.

ನಾವು ಮಾಡಬೇಕಾದ್ದು

ಈ ಕೆಲಸವನ್ನು ಮಾಡಿ ತೋರಿಸಿದವರಿದ್ದಾರೆ. ರಾಜಸ್ಥಾನದಲ್ಲಿ 1990ರಲ್ಲಿ ಹುಟ್ಟಿದ ಮಜದೂರ್ ಕಿಸಾನ್ ಶಕ್ತಿ ಸಂಘಟನೆಯವರು ಬರಗಾಲದ ಕಾಮಗಾರಿಗಳ ಹಾಜರಿ ಪಟ್ಟಿಗಳನ್ನು ಸಂಪಾದಿಸಿ, ಹಳ್ಳಿಯ ಬಯಲಿನಲ್ಲಿ ಜನರ ಮುಂದೆ ಓದಿದರು. ಸತ್ತವರ ಹೆಸರಿನಲ್ಲಿಯೂ ಕೂಲಿ ಎತ್ತಿದ್ದು ಬಯಲಾಯಿತು. ಆ ಹೋರಾಟ ಬೆಳೆದು 2005ರ ಮಾಹಿತಿ ಹಕ್ಕಿನ ಕಾಯಿದೆಗೆ ದಾರಿಯಾಯಿತು. ಅದರ 4ನೆಯ ಕಲಮಿನಂತೆ ಕಚೇರಿಗಳು ಯಾರೂ ಕೇಳದಿದ್ದರೂ ತಮ್ಮ ಲೆಕ್ಕವನ್ನು ತಾವೇ ಪ್ರಕಟಿಸಬೇಕು. ನಮ್ಮ ಸರಕಾರದ ‘ಮಾಹಿತಿ ಕಣಜ’ದಲ್ಲಿ ಹಲವು ಇಲಾಖೆಗಳ ಲೆಕ್ಕ ಕನ್ನಡದಲ್ಲಿಯೇ ಸಿಗುತ್ತದೆ. ಕಣಜ ತುಂಬಿದೆ. ಅಳೆದುಕೊಳ್ಳಲು ಕೊಳಗ ಹಿಡಿದು ಹೋಗುವವರು ಬೇಕು.

ನನ್ನ ಸೂಚನೆ ಇಷ್ಟು. ಊರಲ್ಲಿ ಓದಿದ ನಾಲ್ಕು ಮಂದಿ ತರುಣ-ತರುಣಿಯರು ತಿಂಗಳಿಗೊಂದು ಸಂಜೆ ಕೂಡಬೇಕು. ಪಡಿತರ, ಪಿಂಚಣಿ, ಬೆಳೆ ವಿಮೆ, ಮತದಾರರ ಪಟ್ಟಿ, ಇವುಗಳಲ್ಲಿ ತಿಂಗಳಿಗೊಂದನ್ನು ಫೋನಿನಿಂದ ಇಳಿಸಿಕೊಂಡು ಚಾವಡಿಯಲ್ಲಿ ಓದಬೇಕು. ಸಭೆಯಲ್ಲಿ ಹಿರಿಯರು ತಪ್ಪು ಹಿಡಿಯಬೇಕು. ತಿದ್ದಿದ ಲೆಕ್ಕವನ್ನು ಒಪ್ಪಿಗೆ ಪಡೆದ ಒಂದು ಗೋಡೆಯ ಮೇಲೆ ಸುಣ್ಣ-ಕೆಮ್ಮಣ್ಣಿನಲ್ಲಿ ಚಿತ್ರವಾಗಿ ಬರೆಯಬೇಕು: ಹತ್ತು ಮನೆಗೆ ಒಂದು ಮನೆಯ ಗುರುತು, ನಲ್ಲಿ ನೀರು ಬಂದ ಮನೆಗೆ ಒಂದು ಬಣ್ಣ, ಬಾರದ ಮನೆಗೆ ಇನ್ನೊಂದು. ಒಬ್ಬೊಬ್ಬರ ಸಾಲ, ರೋಗದಂಥ ಖಾಸಗಿ ಸಂಗತಿ ಮಾತ್ರ ಗೋಡೆಗೆ ಬರಬಾರದು. ಊರಿನ ಬಾವಿ, ಕೈಪಂಪು, ಕಾಲುದಾರಿಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಎಲ್ಲರ ನಕ್ಷೆಗೂ ಸೇರಿಸಬಹುದು. ಅದನ್ನು 2004ರಿಂದ ಲೋಕದ ಜನರೇ ಬರೆಯುತ್ತ ಬಂದಿದ್ದಾರೆ, ಕಾಸು ಕೊಡಬೇಕಿಲ್ಲ.

ಇನ್ನು ಅಧಿಕಾರಿಗಳು ಬಣ್ಣದ ನಕ್ಷೆ ತಂದು ತೋರಿಸಿದಾಗ ನಾಚಿಕೆಪಡದೆ ಕೇಳಿರಿ: ಎಣಿಸಿದವರು ಯಾರು? ಯಾವ ದಿನ ಎಣಿಸಿದರು? ಕಂಬದ ಬುಡ ಸೊನ್ನೆಯಲ್ಲಿದೆಯೆ? ಈ ಸರಾಸರಿಯೊಳಗೆ ನಮ್ಮ ಕೇರಿ ಎಲ್ಲಿದೆ? ಉತ್ತರ ಬರಲಿಲ್ಲವೆಂದರೆ ಆ ನಕ್ಷೆಗೆ ಸಹಿ ಹಾಕಬೇಡಿರಿ.

ನಮ್ಮ ಹಿರಿಯರು ಉಳುವವನೇ ಹೊಲದೊಡೆಯನೆಂದು ಹೋರಾಡಿದರು. ಇಂದು ಹೊಲ ಎಷ್ಟು ಮುಖ್ಯವೋ ಹೊಲದ ಅಂಕಿಯೂ ಅಷ್ಟೇ ಮುಖ್ಯ. ಬೆವರು ನಮ್ಮದು, ಆ ಬೆವರಿನ ಲೆಕ್ಕವೂ ನಮ್ಮ ಕಣ್ಣ ಮುಂದಿರಬೇಕು. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ತಮ್ಮ ಪಹಣಿ ತನ್ನಿರಿ. ಹೊಲವಿಲ್ಲದವರು ಪಡಿತರ ಚೀಟಿ ತನ್ನಿರಿ. ಅಲ್ಲಿಂದಲೇ ಓದಲು ತೊಡಗೋಣ.