ಭಂಡಾರದ ಬಾಗಿಲು
(ಕುಟುಂಬ ಸಮ್ಮೇಳನದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಉಪನ್ಯಾಸ)



ಯೆಹೂದ್ಯರ ಅರಸ ಹಿಜ್ಕೀಯನು ಕಠಿಣ ಕಾಯಿಲೆಯಿಂದ ಚೇತರಿಸಿಕೊಂಡಾಗ ಬಾಬಿಲೋನಿನ ದೂತರು ಪತ್ರ ಮತ್ತು ಕಾಣಿಕೆಗಳೊಡನೆ ಅವನಲ್ಲಿಗೆ ಬಂದರು. ಅರಸನಿಗೆ ಬಲು ಹಿಗ್ಗು. ಬೆಳ್ಳಿ, ಬಂಗಾರ, ಸುಗಂಧದ್ರವ್ಯ, ಆಯುಧಶಾಲೆ, ಹೀಗೆ ಅವನು ಅವರಿಗೆ ತೋರಿಸದ ವಸ್ತುವೇ ಅರಮನೆಯಲ್ಲಿ ಉಳಿಯಲಿಲ್ಲ. ಅನಂತರ ಪ್ರವಾದಿ ಯೆಶಾಯನು ಬಂದು ಮೂರು ಪ್ರಶ್ನೆಗಳನ್ನು ಹಾಕಿದನು: ಅವರು ಹೇಳಿದ್ದೇನು? ಬಂದದ್ದು ಎಲ್ಲಿಂದ? ಕಂಡದ್ದು ಏನನ್ನು? ಉತ್ತರ ಕೇಳಿ, ಇದೆಲ್ಲವೂ ಒಂದು ದಿನ ಬಾಬಿಲೋನಿಗೆ ಸಾಗಿಹೋಗುವುದೆಂದು ಎಚ್ಚರಿಸಿದನು. ಅರಸುಗಳ ಎರಡನೆಯ ಗ್ರಂಥದ 20ನೆಯ ಅಧ್ಯಾಯದಲ್ಲಿ ಈ ವೃತ್ತಾಂತವಿದೆ.

ಇಂದು ನಮ್ಮ ಭಂಡಾರವು ಅಂಗೈಯಗಲದ ಫೋನಿನಲ್ಲಿ ಅಡಗಿದೆ. ಭೀಮಾ ತೀರದ ಈ ಸೊನ್ನ ಸೀಮೆಯಲ್ಲಿ ಬೆಳೆ ಪರಿಹಾರ, ವೃದ್ಧಾಪ್ಯ ವೇತನ, ಗೃಹಲಕ್ಷ್ಮಿಯ ಹಣ, ದುಡಿಯಲು ದೂರದ ಊರಿಗೆ ಹೋದ ಮಕ್ಕಳು ಕಳುಹಿಸುವ ಹಣ ಎಲ್ಲವೂ ಬ್ಯಾಂಕ್ ಖಾತೆಗೇ ಬಂದು ಬೀಳುತ್ತದೆ. ಆದುದರಿಂದ ಇದು ಪಟ್ಟಣದ ಶ್ರೀಮಂತರ ಚಿಂತೆ ಮಾತ್ರವೆಂದು ಯಾರೂ ಭಾವಿಸಬಾರದು.

2023ರಲ್ಲಿ ಮಂಗಳೂರು, ಬೆಂಗಳೂರುಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಗಳಿಂದ ಅವರಿಗರಿಯದಂತೆ ಹಣ ಮಾಯವಾಯಿತು. ಕ್ರಯಪತ್ರಗಳಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಬೆರಳಚ್ಚುಗಳನ್ನು ವಂಚಕರು ಕದ್ದಿದ್ದರು. ಆಧಾರ್ ಆಧಾರಿತ ಪಾವತಿಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇವಿಷ್ಟಿದ್ದರೆ ಸಾಕು, ಒಟಿಪಿಯೂ ಬೇಕಿಲ್ಲ. ಹಣ ಕಳೆದುಕೊಂಡವರು ಕಾನೂನಿನಂತೆ ನಡೆದವರೇ ಹೊರತು ಅಜಾಗರೂಕರಲ್ಲ. ನಾವು ಕೊಡಲೇಬೇಕಾದ ಕಡೆಯಲ್ಲೇ ಇಷ್ಟು ಅಪಾಯವಿದ್ದರೆ, ಕೊಡಬೇಕಿಲ್ಲದ ಕಡೆ ಹಂಚುವುದು ಎಂಥ ಸಾಹಸ! ಸೊನ್ನದ ಬ್ಯಾರೇಜಿನ ಗೇಟು ದಾಟಿದ ನೀರನ್ನು ಮರಳಿ ತರಲು ಯಾರಿಂದ ಸಾಧ್ಯ?

ಕೆಲವು ರಕ್ಷಣೋಪಾಯಗಳುಂಟು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು. ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವಾಗ ಮಾತ್ರ ಅದನ್ನು ತೆರೆದರಾಯಿತು. ಕೊನೆಯ 4 ಅಂಕಿಗಳಷ್ಟೇ ಕಾಣುವ ಆಧಾರ್ ಪ್ರತಿಯೂ ಅಲ್ಲಿ ದೊರೆಯುತ್ತದೆ. ಬ್ಯಾಂಕಿನವರೆಂದೋ ಪೊಲೀಸರೆಂದೋ ಹೇಳಿಕೊಂಡು ಯಾರಾದರೂ ಒಟಿಪಿ ಕೇಳಿದರೆ, ಯೆಶಾಯನ ಪ್ರಶ್ನೆಗಳನ್ನು ನೆನೆದು ಫೋನನ್ನು ಕೆಳಗಿಡಿರಿ.

"ತಪ್ಪು ಮಾಡದವನಿಗೆ ಮುಚ್ಚಿಡುವುದೇನಿದೆ?" ಎಂದು ಕೆಲವರು ಕೇಳುತ್ತಾರೆ. ಬಾಗಿಲು ಮುಚ್ಚಿ ಗುಟ್ಟಾಗಿ ಪ್ರಾರ್ಥಿಸಿರೆಂದು ಪ್ರಭುವೇ ಕಲಿಸಿಲ್ಲವೇ? ಮುಚ್ಚಿದ ಬಾಗಿಲೆಲ್ಲ ಪಾಪದ ಬಾಗಿಲಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಅದಕ್ಕೂ ಮುನ್ನವೇ, 1983ರ ಧರ್ಮಸಭೆಯ ಕಾನೂನು ಸಂಹಿತೆಯ 220ನೆಯ ವಿಧಿಯು ಮತ್ತೊಬ್ಬರ ಸತ್ಕೀರ್ತಿಗೂ ಖಾಸಗಿತನಕ್ಕೂ ಧಕ್ಕೆ ತರಬಾರದೆಂದು ವಿಧಿಸಿದೆ.

ಇಲ್ಲಿ ನಾವು ಆತ್ಮಶೋಧನೆ ಮಾಡಿಕೊಳ್ಳಬೇಕಾಗಿದೆ. ನಮ್ಮ ಗುಟ್ಟು ನಮ್ಮದು. ನೆರೆಯವರ ಗುಟ್ಟು ನಮ್ಮದಲ್ಲ. ರೋಗಿಗಾಗಿ ಪ್ರಾರ್ಥಿಸಿರೆಂದು ಕೇಳುವುದು ಪುಣ್ಯಕಾರ್ಯವೇ ಸರಿ. ಆದರೆ ಅವರ ಅನುಮತಿಯಿಲ್ಲದೆ ಆಸ್ಪತ್ರೆಯ ವರದಿಯನ್ನೇ ವಾಟ್ಸಾಪ್ ಗುಂಪಿಗೆ ಹಾಕುವುದು ಯಾವ ಪುಣ್ಯ? ದೇವರಿಗೆ ರೋಗಿಯ ಹೆಸರು ಸಾಲದೇ? ಮದುವೆಗೆ ಬಂದ ಮಗಳ ಜನ್ಮದಿನಾಂಕ, ಫೋನ್ ಸಂಖ್ಯೆಗಳನ್ನು ಕಂಡ ಕಂಡವರಿಗೆ ಕಳುಹಿಸುವುದು, ಜ್ಞಾನಸ್ನಾನದ ಪ್ರಮಾಣಪತ್ರದ ಚಿತ್ರವನ್ನು ಎಲ್ಲರ ಮುಂದಿಡುವುದು ಕೂಡ ಸಲ್ಲದು. 1393ರಲ್ಲಿ ಪ್ರಾಗ್ ನಗರದ ನದಿಗೆ ಎಸೆಯಲ್ಪಟ್ಟು ಪ್ರಾಣ ತೆತ್ತ ಸಂತ ಜಾನ್ ನೆಪೋಮುಕರನ್ನು, ಪಾಪನಿವೇದನೆಯ ಗುಟ್ಟಿಗಾಗಿ ಮಡಿದವರೆಂದು ಧರ್ಮಸಭೆಯ ಪರಂಪರೆ ಗೌರವಿಸುತ್ತದೆ. ಒಪ್ಪಿಸಿದ ಮಾತನ್ನು ಕಾಯುವುದಕ್ಕೆ ನಮ್ಮ ಹಿರಿಯರು ಕಟ್ಟಿದ ಬೆಲೆ ಅಂಥದು.

ಕೊನೆಯದಾಗಿ ಒಂದು ಬಿನ್ನಹ. ಮೋಸಹೋದ ತಂದೆತಾಯಿಗಳು ಮಕ್ಕಳ ಬೈಗುಳಕ್ಕೆ ಅಂಜಿ ಸುಮ್ಮನಿದ್ದುಬಿಡುತ್ತಾರೆ. ಆ ಮೌನವೇ ವಂಚಕನಿಗೆ ವರ. ಕೂಡಲೇ 1930 ಸಂಖ್ಯೆಗೆ ಕರೆಮಾಡಿ ಬ್ಯಾಂಕಿಗೂ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆಯುಂಟು. ತಡಮಾಡಿದಷ್ಟೂ ಅದು ಕೈತಪ್ಪುತ್ತದೆ. ಮಕ್ಕಳೇ, ಅಂಥವರನ್ನು ಜರೆಯಬೇಡಿರಿ. ಮೊದಲು ಫೋನು ಎತ್ತಿಕೊಳ್ಳಿರಿ. ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದಿದ್ದವನನ್ನು ಕಂಡ ಸಮಾರಿಯದವನು, ಆ ದಾರಿಯಲ್ಲಿ ಒಬ್ಬನೇ ಏಕೆ ಬಂದೆ ಎಂದು ಕೇಳಲಿಲ್ಲ, ಗಾಯ ಕಟ್ಟಿದನು. ನೂರು ವರ್ಷ ಒಬ್ಬರಿಗೊಬ್ಬರು ಆಸರೆಯಾಗಿ ಬಾಳಿದ ಈ ಧರ್ಮಕೇಂದ್ರದ ಮಕ್ಕಳಿಗೆ ಅಂಥ ವಿವೇಕವನ್ನೂ ಕರುಣೆಯನ್ನೂ ಪ್ರಭು ಅನುಗ್ರಹಿಸಲಿ.