ಬೋರ್ಡ್‌ನಲ್ಲಿ ಒಬ್ಬರೇ ಮಹಿಳೆ ಸಾಕಾ?

ಷೇರುಪೇಟೆಯಲ್ಲಿ ಲಿಸ್ಟ್ ಆಗಿರೋ ಕಂಪನಿಯ ಬೋರ್ಡ್‌ನಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಲೇಬೇಕು. ಇದು 2013ರ ಕಂಪನಿ ಕಾಯ್ದೆ. ಆಗ ಕೆಲವು ಕಂಪನಿಗಳು ಏನು ಮಾಡಿದ್ವು ಗೊತ್ತಾ? ಮಾಲೀಕರ ಹೆಂಡತಿಯನ್ನೋ ಮಗಳನ್ನೋ ಕೂರಿಸಿ ಕೈತೊಳೆದುಕೊಂಡ್ವು. ಆಮೇಲೆ ಸೆಬಿ ನಿಯಮ ಬಿಗಿ ಮಾಡ್ತು. 2020ರ ಏಪ್ರಿಲ್‌ನಿಂದ ಮೊದಲ 1000 ಕಂಪನಿಗಳಲ್ಲಿ ಕನಿಷ್ಠ ಒಬ್ಬ ಸ್ವತಂತ್ರ ನಿರ್ದೇಶಕಿ ಬೇಕು, ಅಂದ್ರೆ ಮಾಲೀಕರ ಮನೆಯವರು ಲೆಕ್ಕಕ್ಕಿಲ್ಲ.

ನಾರ್ವೆ 2008ಕ್ಕೇ ದೊಡ್ಡ ಕಂಪನಿಗಳ ಬೋರ್ಡ್‌ನಲ್ಲಿ ಮಹಿಳೆಯರಿಗೆ ಶೇ 40 ಪಾಲು ಕಡ್ಡಾಯ ಮಾಡಿತ್ತು. ನಮ್ಮಲ್ಲಿ ಇನ್ನೂ ‘ಕನಿಷ್ಠ ಒಬ್ಬರು’.

ಹತ್ತು ಗಂಡಸರ ನಡುವೆ ಒಬ್ಬರೇ ಕೂತಾಗ ಅವರು ಏನೇ ಹೇಳಿದ್ರೂ ಅದು ‘ಹೆಂಗಸರ ಮಾತು’. ನಾಲ್ಕು ಜನ ಇದ್ರೆ ಅದು ಬೋರ್ಡ್‌ನ ಮಾತು. ನಿಮ್ಮ ಕಂಪನಿ ವೆಬ್‌ಸೈಟ್ ತೆಗೆದು ನೋಡಿ: ನಿರ್ದೇಶಕರ ಪಟ್ಟಿಯಲ್ಲಿ ಮಹಿಳೆಯರು ಎಷ್ಟು?